ತಿಳಿದದ್ದೇ ಸಾಕೆಂದು ನಂಬಿದ್ದೆ

ಮಾತಿನಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ನಮ್ಮ ಸಾತನೂರು ಸೀಮೆಯಲ್ಲಿ ಯಾರಿಗಾದರೂ ಹೇಳಿ ನೋಡಿ, ಅನುಮಾನದಿಂದಲೇ ಮುಖ ನೋಡುತ್ತಾರೆ. ಕನಕಪುರ, ಚನ್ನಪಟ್ಟಣ, ಮಾಗಡಿ, ರಾಮನಗರ, ಎಲ್ಲಿ ಹೋದರೂ ಈಚೆಗೆ ಖಿನ್ನತೆಯ ಮಾತು ಕಿವಿಗೆ ಬೀಳುತ್ತದೆ. ಮಾತ್ರೆ ನುಂಗುತ್ತಿರುವವರೂ ಸಿಗುತ್ತಾರೆ. ಆದರೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯ ವಿಷಯ ಬಂದಾಗ "ಒಂದೆರಡು ಸಲ ಹೋಗಿದ್ದೆ, ಬರೀ ಮಾತು, ಬಿಟ್ಬುಟ್ಟೆ" ಎಂದವರೇ ನನಗೆ ಹೆಚ್ಚು ಸಿಕ್ಕಿದ್ದಾರೆ. ನಾನೂ ಹಾಗೆ ಬಿಟ್ಟವನೇ. ಬಿಟ್ಟದ್ದಕ್ಕೆ ದಂಡ ತೆತ್ತು, ಮತ್ತೆ ಅದೇ ಚಿಕಿತ್ಸೆಗೆ ಹೋಗಿ, ಅದರಿಂದಲೇ ಎದ್ದು ಕೂತವನು. ಮೊದಲ ಸಲ ಚಿಕಿತ್ಸೆ ನನಗೆ ಹತ್ತಲಿಲ್ಲ ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಆ ಚಿಕಿತ್ಸೆಯಲ್ಲಿ ಮಾಡಬೇಕಾದ ಕೆಲಸ ಯಾವುದು, ಅದನ್ನು ಮಾಡದಿದ್ದರೆ ಏನಾಗುತ್ತದೆ ಎನ್ನುವುದು ಆಮೇಲೆ ತಿಳಿಯಿತು. ನನ್ನಂಥ ಇನ್ನೊಬ್ಬರಿಗೆ ಅದು ಬೇಗ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ರೇಷ್ಮೆ ಮನೆತನ. ಎರಡು ಎಕರೆ ಹಿಪ್ಪುನೇರಳೆ, ಒಂದು ಹುಳುಮನೆ, ಎರಡು ಹಸು. ಅಪ್ಪನ ಕಾಲದಿಂದ ಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಹೋಗಿ ಬದುಕಿದವರು. ಲಾಕ್‌ಡೌನ್ ವರ್ಷ ಗೂಡಿನ ಬೆಲೆ ಬಿದ್ದು ಎಲ್ಲರ ಹಾಗೆ ನಾವೂ ನೆಲ ಕಚ್ಚಿದ್ದೆವು. ಮಾರನೆಯ ವರ್ಷ ಬೆಲೆ ಏರಿತು ಎನ್ನುವಾಗ ಸೊಸೈಟಿಯಲ್ಲಿ ಸಾಲ ಎತ್ತಿ ಹೆಚ್ಚು ಮೊಟ್ಟೆ ಇಟ್ಟೆ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಚೆನ್ನಾಗಿ ತಿನ್ನುತ್ತಿದ್ದವು. ಇನ್ನೇನು ನಾಲ್ಕು ದಿನದಲ್ಲಿ ಹಣ್ಣಾಗುತ್ತವೆ ಎನ್ನುವಾಗ ಒಂದು ಬೆಳಿಗ್ಗೆ ತಟ್ಟೆಯ ಅಂಚಿನಲ್ಲಿ ಕೆಲವು ಹುಳು ಸುಮ್ಮನೆ ಸುತ್ತುತ್ತಿರುವುದು ಕಂಡಿತು. ಸೊಪ್ಪು ಮುಟ್ಟುತ್ತಿಲ್ಲ, ಮೈಯ ಗೆಣ್ಣು ಗೆಣ್ಣು ಊದಿಕೊಂಡಿದೆ, ಚರ್ಮ ಮಿರಮಿರ ಹೊಳೆಯುತ್ತಿದೆ. ಒಂದನ್ನು ಎತ್ತಿಕೊಂಡರೆ ಬೆರಳಿಗೆ ಹಾಲಿನಂಥ ನೀರು ಅಂಟಿತು. ಹಾಲುತೊಂಡೆ ರೋಗ. ಎರಡು ದಿನದಲ್ಲಿ ಹುಳುಮನೆಯೆಲ್ಲ ಹರಡಿತು. ಮಂಕರಿಯಲ್ಲಿ ತುಂಬಿ ಹೊತ್ತು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆವು. ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು ಇಟ್ಟ ಮುಂದಿನ ಬೆಳೆಯೂ ಅರ್ಧಕ್ಕಿಂತ ಹೆಚ್ಚು ಹೋಯಿತು.

ಬೆಳೆ ಹೋಗುವುದು ನಮಗೆ ಹೊಸದಲ್ಲ. ಈ ಸಲ ಆದದ್ದೇ ಬೇರೆ. ನಸುಕಿನಲ್ಲಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಾತು ಬೇಡ, ಬೆಳಕು ಬೇಡ. ತೋಟಕ್ಕೆ ಹೋಗಿ ಬದುವಿನ ಮೇಲೆ ಕೂತರೆ ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ. ಎದುರಿಗೆ ಯಾರಾದರೂ ಬಂದರೆ ಹಾದಿ ಬದಲಿಸುತ್ತಿದ್ದೆ. ಡೈರಿಗೆ ಹಾಲು ಹಾಕುವುದನ್ನು ಹೆಂಡತಿಗೆ ಬಿಟ್ಟೆ, ಮಾರುಕಟ್ಟೆಗೆ ಹೋಗುವುದನ್ನು ಭಾವಮೈದನಿಗೆ ಬಿಟ್ಟೆ. ತಲೆಯೊಳಗೆ ಒಂದೇ ಮಾತು ತಿರುಗುತ್ತಿತ್ತು: ನನ್ನ ಕೈಗುಣವೇ ಸರಿಯಿಲ್ಲ, ನಾನು ಮುಟ್ಟಿದ್ದೆಲ್ಲ ಮಣ್ಣಾಗುತ್ತದೆ, ಈ ಮನೆಗೆ ನಾನೇ ಭಾರ.

ಊರಿನವರು ತಮಗೆ ತಿಳಿದದ್ದನ್ನೆಲ್ಲ ಮಾಡಿದರು. "ಮನಸಿಗೆ ಹಚ್ಕೊಬ್ಯಾಡ ಕಣಪ್ಪ, ರೇಷ್ಮೆ ಅಂದ್ಮ್ಯಾಲೆ ಇದೆಲ್ಲ ಇದ್ದದ್ದೇ" ಎಂದರು. ನಿಶ್ಶಕ್ತಿ ಎಂದು ಡಾಕ್ಟರು ಗ್ಲೂಕೋಸ್ ಹಾಕಿದರು, ರಕ್ತ ಪರೀಕ್ಷೆ ಮಾಡಿಸಿದರು. ಹೆಂಡತಿ ಕಬ್ಬಾಳಮ್ಮನಿಗೆ ಹರಕೆ ಹೊತ್ತು ಬೆಟ್ಟದ ಬುಡದ ಗುಡಿಗೆ ಕರೆದುಕೊಂಡು ಹೋದಳು. ಅಲ್ಲಿ ಕೂತ ಸ್ವಲ್ಪ ಹೊತ್ತು ಹಗುರವೆನಿಸಿತು, ಮನೆಗೆ ಬರುವಷ್ಟರಲ್ಲಿ ಮತ್ತೆ ಅದೇ ಕತ್ತಲೆ. ಕೊನೆಗೆ ಭಾವಮೈದ ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದೊಯ್ದ. ಮನೋವೈದ್ಯರು ಇದು ಖಿನ್ನತೆ, ವಾಸಿಯಾಗುವ ಕಾಯಿಲೆ ಎಂದರು. ಮಾತ್ರೆ ಬರೆದರು. ಜೊತೆಗೆ ವಾರಕ್ಕೊಮ್ಮೆ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಸಿಬಿಟಿಗೆ ಬರಬೇಕು ಎಂದರು.

ಸಿಬಿಟಿ ಎಂದರೆ ಅರಿವು ಮತ್ತು ವರ್ತನೆಯ ಚಿಕಿತ್ಸೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಏರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಖಿನ್ನರಾದವರ ಮಾತು ಕೇಳುತ್ತ ಕೇಳುತ್ತ ಅವರಿಗೆ ಒಂದು ವಿಷಯ ಗೊತ್ತಾಯಿತು. ಆ ಜನರ ತಲೆಯಲ್ಲಿ ಕರೆಯದೆ ಬರುವ ಯೋಚನೆಗಳು ಓಡುತ್ತಿರುತ್ತವೆ, ಅವೆಲ್ಲ ಮೂರೇ ದಿಕ್ಕಿಗೆ ಹೋಗುತ್ತವೆ: ನಾನು ಕೆಲಸಕ್ಕೆ ಬಾರದವನು, ಲೋಕ ನನಗೆ ಎದುರು, ಮುಂದೆ ಏನೂ ಒಳ್ಳೆಯದಾಗುವುದಿಲ್ಲ. ಆ ಯೋಚನೆಗಳನ್ನು ಹಿಡಿದು, ಬರೆದು, ನಿಜವೇ ಎಂದು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ನಡೆಯನ್ನೂ ಬದಲಿಸಲು ಕಲಿಸಿದರೆ ಮನಸ್ಸು ಮೇಲೇಳುತ್ತದೆ ಎಂದು ಅವರು ತೋರಿಸಿದರು. 1979ರಲ್ಲಿ ಸಹೋದ್ಯೋಗಿಗಳ ಜೊತೆ ಬರೆದ ಅವರ ಪುಸ್ತಕ ಇಂದಿಗೂ ಈ ಚಿಕಿತ್ಸೆಯ ಮೂಲಪಾಠ. ಬೆಕ್ 2021ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು.

ಆ ಮನಶ್ಶಾಸ್ತ್ರಜ್ಞೆ ಇದನ್ನೆಲ್ಲ ಸರಳ ಕನ್ನಡದಲ್ಲಿ ತಿಳಿಸಿದರು. ಕೈಗುಣದ ಮಾತನ್ನು ನಾನು ಹೇಳಿದಾಗ ಅಲ್ಲಗಳೆಯಲಿಲ್ಲ. "ಇದಕ್ಕೆ ಸಾಕ್ಷಿ ಏನಿದೆ, ಇದರ ವಿರುದ್ಧ ಸಾಕ್ಷಿ ಏನಿದೆ, ಎರಡನ್ನೂ ನೋಡೋಣವಾ?" ಎಂದರು. ನಮ್ಮ ಮನೆಯಲ್ಲಿ ಒಂದು ತಗಡಿನ ಡಬ್ಬಿಯಿದೆ. ಮಾರುಕಟ್ಟೆಯಲ್ಲಿ ಗೂಡು ಹರಾಜಾದ ಮೇಲೆ ಕೊಡುವ ಚೀಟಿಗಳನ್ನು ಅಪ್ಪ ಅದರಲ್ಲಿ ಹಾಕಿಡುತ್ತಿದ್ದರು, ನಾನೂ ಹಾಕಿಡುತ್ತೇನೆ. ತೂಕ, ದರ, ತಾರೀಕು ಎಲ್ಲವೂ ಅದರಲ್ಲಿರುತ್ತದೆ. ಅದನ್ನು ತರಲು ಹೇಳಿದರು. ಅವರ ಮೇಜಿನ ಮೇಲೆ ವರ್ಷವಾರು ಜೋಡಿಸಿದೆವು. ಮಾಸಿದ ಚೀಟಿಗಳ ಮೇಲೆ ಬೆರಳಿಟ್ಟು ಒಂದೊಂದೇ ಓದಿದೆ. ಒಳ್ಳೆಯ ಬೆಳೆಗಳೇ ಹೆಚ್ಚು, ಕೆಟ್ಟವು ಅಲ್ಲೊಂದು ಇಲ್ಲೊಂದು. ಕೈಗುಣ ಸರಿಯಿಲ್ಲದವನ ಡಬ್ಬಿಯಲ್ಲಿ ಇಷ್ಟು ಚೀಟಿ ಇರುತ್ತಿರಲಿಲ್ಲ. ಆ ದಿನ ನನಗೆ ದೊಡ್ಡದೊಂದು ಗುಟ್ಟು ಸಿಕ್ಕಿದಂತಾಯಿತು.

ನಾನು ಸೋಲಲು ಶುರುವಾದದ್ದು ಅಲ್ಲಿಂದಲೇ. ಗುಟ್ಟು ತಿಳಿಯಿತು, ಇನ್ನು ಕಾಯಿಲೆ ಹೋದ ಹಾಗೆಯೇ ಎಂದುಕೊಂಡೆ. ನಾನು ಬಿ.ಎ. ಓದಿದವನು, ಪುಸ್ತಕದ ಚಪಲ ಇರುವವನು. ಮನಸ್ಸಿನ ಬಗ್ಗೆ ಕನ್ನಡದಲ್ಲಿ ಸಿಕ್ಕಿದ ಪುಸ್ತಕಗಳನ್ನೆಲ್ಲ ಓದಿದೆ. ಯೋಚನೆಯ ದೋಷಗಳ ಪಟ್ಟಿ ಬಾಯಿಪಾಠವಾಯಿತು: ಒಂದು ಸೋಲನ್ನು ಹಿಡಿದು ಬದುಕೆಲ್ಲ ಸೋಲು ಎನ್ನುವುದು, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ತಾನೇ ತೀರ್ಮಾನಿಸುವುದು, ಒಳ್ಳೆಯದು ನಡೆದರೆ ಲೆಕ್ಕಕ್ಕೆ ಹಿಡಿಯದಿರುವುದು. ವಾರದ ಭೇಟಿಯಲ್ಲಿ ಕೂತು ಇವನ್ನೆಲ್ಲ ನನ್ನದೇ ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ಪಾಠ ಒಪ್ಪಿಸಿದ ಹುಡುಗನ ಸಮಾಧಾನ ನನಗಾಗುತ್ತಿತ್ತು.

ಅವರು ಕೇಳುತ್ತಿದ್ದದ್ದು ಪಾಠವನ್ನಲ್ಲ. ದಿನವೂ ಮನೆಯಲ್ಲಿ ಮಾಡಬೇಕಾದ ಎರಡು ಕೆಲಸ ಕೊಟ್ಟಿದ್ದರು. ಮನಸ್ಸು ಕುಸಿದ ಗಳಿಗೆಯಲ್ಲೇ ನೋಟ್‌ಬುಕ್ಕಿನ ಕಲಂಗಳಲ್ಲಿ ಬರೆಯುವುದು ಒಂದು: ಏನು ನಡೆಯಿತು, ಏನು ಯೋಚನೆ ಬಂತು, ಎಷ್ಟು ನೋವಾಯಿತು, ಬೇರೆ ರೀತಿ ಹೇಗೆ ನೋಡಬಹುದು. ಬಿಟ್ಟಿದ್ದ ಕೆಲಸಗಳಲ್ಲಿ ಚಿಕ್ಕದೊಂದನ್ನು ಮತ್ತೆ ಹಿಡಿಯುವುದು ಇನ್ನೊಂದು. ಡೈರಿಗೆ ನೀವೇ ಹೋಗಿ, ಒಂದು ದಿನ ಮಾರುಕಟ್ಟೆಗೆ ಹೋಗಿ ಬನ್ನಿ ಎಂದಿದ್ದರು. ನಾನು ಹೋಗಲಿಲ್ಲ. ಮನಸ್ಸು ಸರಿಯಾದ ಮೇಲೆ ಹೋದರಾಯಿತು ಎಂದುಕೊಂಡೆ. ನೋಟ್‌ಬುಕ್ಕನ್ನು ಭೇಟಿಯ ದಿನ ಬೆಳಿಗ್ಗೆ ಬೆಂಗಳೂರಿನ ಬಸ್ಸಿನಲ್ಲಿ ಕೂತು ತುಂಬಿಸುತ್ತಿದ್ದೆ. ಇಡೀ ವಾರದ ಯೋಚನೆಗಳನ್ನು ಹಾರೋಹಳ್ಳಿ ದಾಟುವಷ್ಟರಲ್ಲಿ ಸೃಷ್ಟಿಸಿ, ಒಂದೇ ಪೆನ್ನಿನಲ್ಲಿ ಒಂದೇ ಕೈಬರಹದಲ್ಲಿ ಬರೆದು ಮುಗಿಸುತ್ತಿದ್ದೆ. ಅವರು ಅದನ್ನು ಗಮನಿಸಿ "ಮನೆಯಲ್ಲಿ ಮಾಡೋದು ಕಷ್ಟ ಆಗ್ತಿದೆಯಾ?" ಎಂದು ಕೇಳಿದ್ದುಂಟು. ಇಲ್ಲ, ಎಲ್ಲ ನಡೆಯುತ್ತಿದೆ ಎಂದೆ. ಅವರಿಗೆ ನನ್ನ ಬಗ್ಗೆ ಇದ್ದ ಒಳ್ಳೆಯ ಅಭಿಪ್ರಾಯ ಹಾಳಾಗಬಾರದು ಎನ್ನುವ ಆಸೆ ಆ ಸುಳ್ಳಿನ ಹಿಂದಿತ್ತು.

ಇದಕ್ಕಿಂತ ಕೆಟ್ಟದ್ದನ್ನು ಮನೆಯಲ್ಲಿ ಮಾಡಿದೆ. ಕಲಿತದ್ದನ್ನು ಹೆಂಡತಿಯ ಮೇಲೆ ಬಳಸತೊಡಗಿದೆ. ಸೊಸೈಟಿಯ ಕಂತು, ಮಗಳ ಕಾಲೇಜಿನ ಫೀಸು ಎಂದು ಅವಳು ಕಳವಳಪಟ್ಟರೆ "ಅದು ನಿನ್ನ ಯೋಚನೆಯ ದೋಷ, ಆಗದ್ದನ್ನೆಲ್ಲ ಊಹಿಸ್ತೀಯ" ಎನ್ನುತ್ತಿದ್ದೆ. ಒಂದು ರಾತ್ರಿ ಅವಳು ಪಾತ್ರೆ ತೊಳೆಯುತ್ತಲೇ, ತಿರುಗಿ ನೋಡದೆ ಹೇಳಿದಳು: "ನೀವು ಹೇಳೋದೆಲ್ಲ ಸರಿಯಾಗೇ ಐತೆ. ಆದ್ರೆ ಸಾಲ ಯೋಚ್ನೆ ಅಲ್ವಲ್ಲ, ಸಾಲ ಸಾಲವೇ." ಆಮೇಲೆ ಅವಳು ತನ್ನ ಕಷ್ಟ ಹೇಳಿಕೊಳ್ಳುವುದನ್ನೇ ನಿಲ್ಲಿಸಿದಳು. ಎಲ್ಲವೂ ನಿನ್ನ ತಲೆಯಲ್ಲಿದೆ ಎಂದು ಸಿಬಿಟಿ ಎಲ್ಲಿಯೂ ಹೇಳುವುದಿಲ್ಲ. ಯೋಚನೆ ತಪ್ಪಿದ್ದರೆ ತಿದ್ದಬೇಕು, ಕಷ್ಟ ನಿಜವಾಗಿದ್ದರೆ ಅದನ್ನು ಬಿಡಿಸುವ ದಾರಿ ಹುಡುಕಬೇಕು, ಇದು ಅದರ ಪಾಠದ ಭಾಗವೇ. ನಾನು ಅರ್ಧ ಕಲಿತು ಆ ಅರ್ಧವನ್ನೇ ಅವಳ ಬಾಯಿ ಮುಚ್ಚಿಸಲು ಹಿಡಿದೆ.

ಅಷ್ಟರಲ್ಲಿ ಮಾತ್ರೆ ಕೆಲಸ ಮಾಡಿತ್ತು. ನಿದ್ದೆ ಬಂತು, ಊಟ ಸೇರಿತು. ವಾಸಿಯಾಯಿತು ಎಂದು ನಾನೇ ತೀರ್ಮಾನಿಸಿ ಭೇಟಿ ನಿಲ್ಲಿಸಿದೆ, ಡಾಕ್ಟರನ್ನು ಕೇಳದೆ ಮಾತ್ರೆಯನ್ನೂ ನಿಲ್ಲಿಸಿದೆ. ಖಿನ್ನತೆಯ ಮಾತ್ರೆಯನ್ನು ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರ ಮಾತಿನಂತೆ ನಿಧಾನವಾಗಿ ಇಳಿಸಬೇಕು. ನನಗೆ ಇದನ್ನು ಹೇಳಿದ್ದರು. ತಿಳಿದವನಿಗೆ ನಿಯಮ ಬೇಕಿಲ್ಲ ಎನ್ನುವ ಸೊಕ್ಕು ಅಡ್ಡ ಬಂತು.

ಮಳೆಗಾಲ ಮುಗಿಯುವಷ್ಟರಲ್ಲಿ ಕಾಯಿಲೆ ಮರಳಿತು, ಮೊದಲಿಗಿಂತ ಜೋರಾಗಿ. ಈ ಸಲ ಅದಕ್ಕೆ ಹೊಸದೊಂದು ವಾದ ಸಿಕ್ಕಿತ್ತು: ಬೆಂಗಳೂರಿನ ಚಿಕಿತ್ಸೆಯೂ ಆಯಿತು, ಪುಸ್ತಕವೂ ಆಯಿತು, ಎಲ್ಲ ತಿಳಿದೂ ನೀನು ಹೀಗಿದ್ದೀಯ, ನಿನಗೆ ಇನ್ನು ಯಾವ ದಾರಿಯೂ ಇಲ್ಲ. ಬದುಕುವುದೇ ಬೇಡ ಎನ್ನುವ ಯೋಚನೆ ಬರತೊಡಗಿತು. ಒಂದು ರಾತ್ರಿ ಅದನ್ನು ಹೆಂಡತಿಗೆ ಹೇಳಿಬಿಟ್ಟೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಸರಿಯಾದ ಕೆಲಸಗಳಲ್ಲಿ ಅದೂ ಒಂದು. ಅವಳು ಕೂಗಾಡಲಿಲ್ಲ, ಬೈಯಲಿಲ್ಲ. ಮಗಳನ್ನು ಎಬ್ಬಿಸಿದಳು. ಮಗಳು 14416ಕ್ಕೆ ಫೋನು ಮಾಡಿದಳು. ಅದು ಟೆಲಿ ಮನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯವರು ನನ್ನೊಂದಿಗೂ ಮಾತಾಡಿದರು, ಮನೆಯವರೊಂದಿಗೂ ಮಾತಾಡಿದರು. ಆ ರಾತ್ರಿ ನನ್ನನ್ನು ಒಬ್ಬನನ್ನೇ ಬಿಡಬೇಡಿ ಎಂದರು, ಹತ್ತಿರದಲ್ಲಿ ಯಾವ ಆಸ್ಪತ್ರೆಗೆ ಹೋಗಬಹುದು ಎಂದು ತಿಳಿಸಿದರು.

ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮವಿದೆ. ಅದರಡಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕು ಎಂದು ನಾನು ತಿಳಿದಿದ್ದೆ. ನಮ್ಮ ತಾಲ್ಲೂಕಿನಲ್ಲೇ ಹೊರರೋಗಿ ಚೀಟಿ ಮಾಡಿಸಿ, ರಕ್ತದೊತ್ತಡ ತೋರಿಸಲು ಬಂದವರ ಸಾಲಿನ ಪಕ್ಕದಲ್ಲೇ ಕೂತೆ. ವೈದ್ಯರು ಮಾತ್ರೆ ಮತ್ತೆ ಶುರು ಮಾಡಿದರು. ಅವರ ತಂಡದಲ್ಲಿದ್ದ ಆಪ್ತಸಮಾಲೋಚಕರೊಬ್ಬರು ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಹಿಡಿದು ಕೂತರು. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗೆ, ಊಟ ಹೇಗೆ, ಕೆಲಸದಲ್ಲಿ ಆಸಕ್ತಿ ಇತ್ತೇ, ಬದುಕು ಬೇಡ ಎನಿಸಿತ್ತೇ? ನಾನು ಹಳೆಯ ಅಭ್ಯಾಸದಂತೆ ನನ್ನ ಯೋಚನೆಯ ದೋಷಗಳನ್ನು ವಿವರಿಸಲು ಹೊರಟೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅಣ್ಣಾ, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ನಾಳೆ ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ, ಎದ್ದು ಏನ್ ಮಾಡ್ತೀರಿ, ಅದನ್ನ ಹೇಳಿ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೆಯ ಸಲದ ಚಿಕಿತ್ಸೆ ಹೀಗೆ ತಲೆಯಿಂದ ಶುರುವಾಗದೆ ಕಾಲಿನಿಂದ ಶುರುವಾಯಿತು. ಮನಸ್ಸು ಬಂದ ಮೇಲೆ ಕೆಲಸ ಎಂದು ಕಾಯಬೇಡಿ, ಖಿನ್ನತೆಯಲ್ಲಿ ಮನಸ್ಸು ತಾನಾಗಿ ಬರುವುದಿಲ್ಲ, ಕೆಲಸ ಹಿಡಿದರೆ ಅದರ ಹಿಂದೆ ಮನಸ್ಸು ಬರುತ್ತದೆ ಎಂದರು. ವಾರದ ಹಾಳೆಯೊಂದರಲ್ಲಿ ಗಂಟೆಗಂಟೆಯ ಮನೆ ಹಾಕಿಕೊಟ್ಟರು. ಆರಕ್ಕೆ ಏಳುವುದು, ಹಸುವಿಗೆ ಹುಲ್ಲು, ಹಾಲು ಕರೆದು ಡೈರಿಗೆ ಹೋಗುವುದು, ಮಧ್ಯಾಹ್ನ ತೋಟದಲ್ಲಿ ಎರಡು ಸಾಲು ಕಳೆ ತೆಗೆಯುವುದು. ಮಾಡಿದ ಮೇಲೆ ಎಷ್ಟು ಹಿತವಾಯಿತು, ಎಷ್ಟು ಸಾಧಿಸಿದ ಹಾಗಾಯಿತು ಎಂದು ಹತ್ತಕ್ಕೆ ಅಂಕ ಹಾಕಬೇಕು. ಕಬ್ಬಾಳಮ್ಮನ ಗುಡಿಗೆ ಹೋಗುವುದೂ ಆ ಹಾಳೆಯಲ್ಲಿ ಜಾಗ ಪಡೆಯಿತು. ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಬೇಕು, ಹೆಂಡತಿಗೆ ಕಾಣಬೇಕು ಎನ್ನುವುದು ಅವರ ಷರತ್ತು. ಬಸ್ಸಿನಲ್ಲಿ ಕೂತು ತುಂಬಿಸಲು ಇನ್ನು ದಾರಿಯಿರಲಿಲ್ಲ.

ಡೈರಿಗೆ ಹೋಗುವ ಮುನ್ನವೇ, ಅಲ್ಲಿ ಏನಾಗುತ್ತದೆ ಎಂದುಕೊಂಡಿದ್ದೀರಿ ಎಂದು ಬರೆದಿಡಲು ಹೇಳಿದ್ದರು. ಬರೆದೆ: ಎಲ್ಲರೂ ಬೆಳೆ ಹೋದದ್ದನ್ನೇ ಕೇಳುತ್ತಾರೆ, ಹಿಂದಿನಿಂದ ನಗುತ್ತಾರೆ, ನನಗೆ ತಲೆ ಎತ್ತಲಾಗುವುದಿಲ್ಲ. ಇದನ್ನು ಎಷ್ಟು ನಂಬುತ್ತೀರಿ ಎನ್ನುವ ಕಡೆ ನೂರಕ್ಕೆ ತೊಂಬತ್ತು ಎಂದು ಬರೆದೆ. ಕ್ಯಾನು ಹಿಡಿದು ಹೋಗುವಾಗ ಕಾಲು ನಡುಗುತ್ತಿತ್ತು. ಸಾಲಿನಲ್ಲಿ ನಿಂತೆ. ಮುಂದಿನವನು ಹಿಂದಕ್ಕೆ ತಿರುಗಿ, "ಏನಣ್ಣ, ನಿನ್ ಹಾಲಿಗೆ ಫ್ಯಾಟು ಎಷ್ಟು ಬಂತದೆ? ನಂದು ಇಳ್ದೋಗದೆ" ಎಂದ. ಸೆಕ್ರೆಟರಿ ಪುಸ್ತಕದಿಂದ ತಲೆ ಎತ್ತದೆ ಅಳತೆ ಬರೆದುಕೊಂಡ. ವಯಸ್ಸಾದ ಒಬ್ಬರು ಬೆಳೆಯ ವಿಷಯ ಕೇಳಿಯೇ ಕೇಳಿದರು. ಹಾಲುತೊಂಡೆ ಎಂದೆ. "ನಮ್ದೂ ಹೋದ್ ಕಾರ್ತೀಕದಾಗೆ ಗುಂಡಿಗೇ ಹೋಯ್ತಲ್ಲಪ್ಪ" ಎಂದು ಹತ್ತಿರ ನಿಂತು, ಹುಳುಮನೆಗೆ ಯಾವ ಸುಣ್ಣ ಹೊಡೆದೆ ಎಂದು ವಿಚಾರಿಸಿದರು. ಮನೆಗೆ ಬಂದು ಬರೆದದ್ದನ್ನು ನಡೆದದ್ದರ ಪಕ್ಕದಲ್ಲಿಟ್ಟು ನೋಡಿದೆ. ಕೇಳಿದವರು ಒಬ್ಬರೇ, ಅವರೂ ನಗಲಿಲ್ಲ. ತೊಂಬತ್ತನ್ನು ಹೊಡೆದು ಐವತ್ತು ಎಂದು ಬರೆದೆ.

ಆ ಐವತ್ತು ನನ್ನ ಕಣ್ಣು ತೆರೆಸಿತು. ತಗಡಿನ ಡಬ್ಬಿಯ ಚೀಟಿಗಳೂ ಇದೇ ಮಾತನ್ನು ಹೇಳಿದ್ದವು, ನಾನು ಒಪ್ಪಿಯೂ ಇದ್ದೆ. ಆದರೆ ಆ ಒಪ್ಪಿಗೆ ಮಾತಿನಲ್ಲೇ ಉಳಿಯಿತು. ನಡುಗುವ ಕಾಲಿನಲ್ಲಿ ಹೋಗಿ, ಹೆದರಿದ್ದು ಆಗಲಿಲ್ಲ ಎಂದು ಕಣ್ಣಾರೆ ಕಂಡ ಮೇಲೆ ಅದು ಮೈಗೆ ಇಳಿಯಿತು. ಪುಸ್ತಕ ಓದಿ ಹುಳು ಸಾಕಲು ಬರುವುದಿಲ್ಲ, ಸೊಪ್ಪು ಹಾಕಿ ಹಾಕಿಯೇ ಬರಬೇಕು. ಇಷ್ಟನ್ನು ಹುಟ್ಟಿನಿಂದ ಬಲ್ಲ ನಾನು ಮನಸ್ಸಿನ ವಿಷಯಕ್ಕೆ ಬಂದಾಗ ಮರೆತಿದ್ದೆ.

ಆಮೇಲೆ ಒಂದೊಂದೇ ಮೆಟ್ಟಿಲು. ಭಾವಮೈದನ ಜೊತೆ ರಾಮನಗರದ ಮಾರುಕಟ್ಟೆಗೆ ಹೋಗಿ ಸುಮ್ಮನೆ ಒಂದು ಗಂಟೆ ನಿಂತು ಬಂದೆ. ಗೂಡಿನ ವಾಸನೆ, ಹರಾಜಿನ ಗದ್ದಲ, ತಟ್ಟೆಯಿಂದ ನಾಲ್ಕು ಗೂಡು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡುವ ರೀಲರುಗಳು, ಎಲ್ಲವೂ ಹಾಗೆಯೇ ಇದ್ದವು. ಹಳೆಯ ರೀಲರ್ ಒಬ್ಬರು ಟೀ ಕುಡಿಸಿದರು. ಸೊಸೈಟಿಯ ಸಾಲವನ್ನು ಯೋಚನೆಯ ದೋಷ ಎನ್ನದೆ, ಸಮಸ್ಯೆ ಎಂದು ಹಾಳೆಯಲ್ಲಿ ಬರೆದು ಹೆಂಡತಿಯ ಜೊತೆ ಕೂತು ದಾರಿಗಳನ್ನು ಪಟ್ಟಿ ಮಾಡಿದೆ. ಇಬ್ಬರೂ ಹೋಗಿ ಕಂತಿನ ವಿಷಯ ಮಾತಾಡಿಕೊಂಡು ಬಂದೆವು. ನನ್ನ ಮಾತಿನಿಂದ ಬಾಯಿ ಮುಚ್ಚಿದ್ದವಳು ಆ ದಿನ ದಾರಿಯುದ್ದಕ್ಕೂ ಮಾತಾಡಿದಳು. ಕೊನೆಗೆ ಐವತ್ತು ಮೊಟ್ಟೆಯ ಚಾಕಿ, ಅಂದರೆ ಎಳೆಯ ಹುಳು, ತಂದು ಚಿಕ್ಕ ಬೆಳೆ ಇಟ್ಟೆ. ಆ ಬೆಳೆ ಅಂಥ ಹೇಳಿಕೊಳ್ಳುವ ಹಾಗೇನೂ ಬರಲಿಲ್ಲ. ಆದರೆ ಅದು ಕಡಿಮೆ ಬಂದದ್ದಕ್ಕೆ ಕೈಗುಣವನ್ನು ದೂರದೆ, ಚಳಿಗೆ ಹುಳುಮನೆಯ ಶಾಖ ಸಾಲಲಿಲ್ಲ ಎಂದು ಕಾರಣ ಹುಡುಕಿದೆ. ನನಗೆ ಗುಣವಾಗುತ್ತಿದೆ ಎಂದು ಗೊತ್ತಾದದ್ದು ಆಗ.

ಮನಸ್ಸು ತಿಳಿಯಾದ ಮೇಲೆ, ನನ್ನ ಅನುಭವ ನನ್ನೊಬ್ಬನದೋ ಅಥವಾ ಇದಕ್ಕೆ ಆಧಾರವಿದೆಯೋ ಎಂದು ಹುಡುಕಿದೆ. ಇಂಗ್ಲಿಷ್ ವರದಿಗಳನ್ನು ಮಗಳು ಓದಿ ಹೇಳಿದಳು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಧ್ಯಮದಿಂದ ತೀವ್ರ ಖಿನ್ನತೆಯಿದ್ದ 240 ಜನರಿದ್ದರು. 16 ವಾರಗಳ ಕೊನೆಗೆ ಮಾತ್ರೆ ತೆಗೆದುಕೊಂಡವರಲ್ಲೂ ಬೆಕ್ ಪದ್ಧತಿಯ ಚಿಕಿತ್ಸೆ ಪಡೆದವರಲ್ಲೂ ನೂರಕ್ಕೆ 58 ಮಂದಿಗೆ ಗುಣ ಕಂಡಿತ್ತು. ನನಗೆ ಮುಖ್ಯವಾದದ್ದು ಆ ಮೇಲಿನ ಒಂದು ವರ್ಷದ ಲೆಕ್ಕ. ಗುಣ ಕಂಡು ಮಾತ್ರೆ ನಿಲ್ಲಿಸಿದವರಲ್ಲಿ ನೂರಕ್ಕೆ 76 ಮಂದಿಗೆ ಕಾಯಿಲೆ ಮರಳಿತು, ಮಾತ್ರೆ ಮುಂದುವರಿಸಿದವರಲ್ಲಿ 47 ಮಂದಿಗೆ ಮರಳಿತು, ಚಿಕಿತ್ಸೆಯನ್ನು ಪೂರ್ತಿ ಮಾಡಿ ಮುಗಿಸಿದವರಲ್ಲಿ 31 ಮಂದಿಗೆ ಮಾತ್ರ. ಕಲಿತ ಅಭ್ಯಾಸ ಚಿಕಿತ್ಸೆ ಮುಗಿದ ಮೇಲೂ ಕಾಯುತ್ತದೆ. ನಾನು ಅಭ್ಯಾಸವನ್ನೂ ಮಾಡದೆ, ಮಾತ್ರೆಯನ್ನೂ ಬಿಟ್ಟು, ಎರಡೂ ಕಡೆಯ ಆಸರೆಯನ್ನು ನಾನೇ ಕಳಚಿಕೊಂಡಿದ್ದೆ.

2023ರಲ್ಲಿ 409 ಪ್ರಯೋಗಗಳನ್ನು, 52 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ದೊಡ್ಡ ಪರಿಶೀಲನೆಯೂ ಬಂದಿದೆ. ಸಿಬಿಟಿ ಪಡೆದವರಲ್ಲಿ ನೂರಕ್ಕೆ 42 ಮಂದಿಗೆ ಗಣನೀಯ ಗುಣ ಕಂಡಿತ್ತು, ಅದಿಲ್ಲದವರಲ್ಲಿ 19 ಮಂದಿಗೆ. ಅಲ್ಪಾವಧಿಯಲ್ಲಿ ಮಾತ್ರೆಯಷ್ಟೇ ಫಲ, ಆರು ತಿಂಗಳಿಂದ ವರ್ಷದ ಹೊತ್ತಿಗೆ ಮಾತ್ರೆಗಿಂತ ಹೆಚ್ಚು ಎಂದು ಅದು ಹೇಳುತ್ತದೆ. ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು. ಗುಣ ಕಂಡವರು ದುಪ್ಪಟ್ಟು, ಆದರೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟು ಗುಣ ಕಾಣಲಿಲ್ಲ. ಹಾಗಾಗಿ ಒಂದು ದಾರಿ ಹತ್ತದಿದ್ದರೆ ಮಾತ್ರೆ, ಬೇರೆ ಬಗೆಯ ಚಿಕಿತ್ಸೆ, ಎರಡನ್ನೂ ಕೂಡಿಸಿದ ಚಿಕಿತ್ಸೆ ಎಂದು ಮುಂದೆ ಹೋಗಬೇಕು. ತೀವ್ರ ಖಿನ್ನತೆಯಲ್ಲಿ ಮಾತ್ರೆಯನ್ನು ದೂರವಿಡುವುದು ಅಪಾಯ. ನನಗೆ ಹಾಳೆ ತುಂಬಿಸುವಷ್ಟು ಚೈತನ್ಯ ಬಂದದ್ದರಲ್ಲಿ ಮಾತ್ರೆಯ ಪಾಲೂ ಇದೆ.

ಕಾಲಿನಿಂದ ಶುರು ಮಾಡುವ ಉಪಾಯಕ್ಕೂ ಬಲವಾದ ಆಧಾರವಿದೆ. 1996ರಲ್ಲಿ ಅಮೆರಿಕದ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು 150 ಜನರಲ್ಲಿ ಪರೀಕ್ಷಿಸಿದಾಗ, ದಿನಚರಿಯನ್ನು ಮತ್ತೆ ಕಟ್ಟುವ ಭಾಗವೊಂದೇ ಇಡೀ ಚಿಕಿತ್ಸೆಯಷ್ಟು ಫಲ ಕೊಟ್ಟಿತ್ತು. ನಮ್ಮ ಪಕ್ಕದ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 495 ಜನರೊಂದಿಗೆ ಮಾಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಚಿಕಿತ್ಸೆ ನೀಡಿದವರು ವೈದ್ಯರಲ್ಲ, ತರಬೇತಿ ಪಡೆದ ಊರಿನ ಸಾಮಾನ್ಯರು. ಆರೆಂಟು ಭೇಟಿಗಳಲ್ಲಿ ದಿನಚರಿಯನ್ನೇ ಹಿಡಿದು ಕೆಲಸ ಮಾಡಿದರು. ಮೂರು ತಿಂಗಳಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದರು, ಮಾಮೂಲಿ ಆರೈಕೆ ಪಡೆದವರಲ್ಲಿ 39 ಮಂದಿ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳೆಯರೇ ಖಿನ್ನತೆಯಿದ್ದ ಬಸುರಿ, ಬಾಣಂತಿಯರಿಗೆ ಸಿಬಿಟಿ ಆಧರಿಸಿದ ಚಿಕಿತ್ಸೆ ಕೊಟ್ಟರು. 2008ರ ವರದಿಯ ಪ್ರಕಾರ, ಹೆರಿಗೆಯಾಗಿ ಆರು ತಿಂಗಳಾದಾಗ ಆ ತಾಯಂದಿರಲ್ಲಿ ಖಿನ್ನತೆ ಉಳಿದದ್ದು ನೂರಕ್ಕೆ 23 ಮಂದಿಗೆ, ಆ ಚಿಕಿತ್ಸೆ ಸಿಗದವರಲ್ಲಿ 53 ಮಂದಿಗೆ. ಇದನ್ನು ಓದಿದಾಗಿನಿಂದ, ನಮ್ಮ ಹೋಬಳಿಯ ಆಶಾ ಕಾರ್ಯಕರ್ತೆಯರಿಗೂ ಇಂಥ ತರಬೇತಿ ಏಕೆ ಕೊಡಬಾರದು ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದೇನೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆಯಂಥ ಕಾಯಿಲೆಯವರಲ್ಲಿ ಹೆಚ್ಚುಕಡಿಮೆ ನೂರಕ್ಕೆ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿಮ್ಹಾನ್ಸ್ ಕನಕಪುರದಿಂದ 60 ಕಿಲೋಮೀಟರೂ ಇಲ್ಲ. ಆದರೂ ನನ್ನಂಥವನು ಗ್ಲೂಕೋಸ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಮಲಗಿದ್ದೆ.

ಇನ್ನೊಂದು ಮಾತನ್ನು ಎಚ್ಚರಿಕೆಯಿಂದ ಹೇಳಬೇಕು. ಮನೆಯಲ್ಲಿ ಮಾಡಲು ಕೊಟ್ಟ ಕೆಲಸ ಮಾಡದೆ ಸೋತೆ ಎಂದೆ. ಇದನ್ನು ಓದಿದ ಯಾರೂ ತಮ್ಮ ಮನೆಯಲ್ಲಿ ಮಂಕಾಗಿ ಮಲಗಿರುವವರಿಗೆ "ನೋಡು, ನೀನು ಮಾಡದಿದ್ದರೆ ನಿನ್ನದೇ ತಪ್ಪು" ಎನ್ನಬಾರದು. ಮಾಡಲಾಗದಿರುವುದೇ ಆ ಕಾಯಿಲೆಯ ಲಕ್ಷಣ. ನನ್ನ ನಿಜವಾದ ತಪ್ಪು, ಮಾಡಲಾಗುತ್ತಿಲ್ಲ ಎಂಬುದನ್ನು ಮುಚ್ಚಿಟ್ಟದ್ದು. ಬಸ್ಸಿನಲ್ಲಿ ಬರೆದ ಸುಳ್ಳಿನ ಬದಲು ಖಾಲಿ ನೋಟ್‌ಬುಕ್ ಹಿಡಿದು "ಮೇಡಂ, ಕೈಲಾಗ್ತಿಲ್ಲ" ಎಂದಿದ್ದರೆ ಅವರು ಕೆಲಸವನ್ನು ಅರ್ಧ ಮಾಡುತ್ತಿದ್ದರು, ಕಾಲು ಮಾಡುತ್ತಿದ್ದರು. ಡೈರಿಯ ತನಕ ಆಗದಿದ್ದರೆ ಬಾಗಿಲ ತನಕ. ಎರಡನೇ ಸಲ ನಾನು ಕಲಿತ ದೊಡ್ಡ ವಿದ್ಯೆ, ಆಗಲಿಲ್ಲ ಎಂದು ಹೇಳುವುದು. ಹಾಗೆ ಹೇಳಿದ ಪ್ರತಿ ಸಲವೂ ಆಪ್ತಸಮಾಲೋಚಕರು ಹಾಳೆಯನ್ನು ತಿರುಗಿಸಿ, ಇನ್ನೂ ಚಿಕ್ಕದೊಂದು ಕೆಲಸ ಬರೆದುಕೊಟ್ಟರು.

ಆದ್ದರಿಂದ ಸಿಬಿಟಿಗೆ ಹೋಗುವವರಿಗೆ ನನ್ನ ವಿನಂತಿ ಇಷ್ಟು. ಮೊದಲ ದಿನವೇ ಕೇಳಿ: ಈ ವಾರ ನಾನು ಮನೆಯಲ್ಲಿ ಏನು ಮಾಡಬೇಕು? ಕೊಟ್ಟದ್ದನ್ನು ಮನೆಯವರಲ್ಲಿ ಒಬ್ಬರಿಗೆ ತಿಳಿಸಿ. ಆಗದಿದ್ದರೆ ಆಗಲಿಲ್ಲ ಎಂದೇ ಹೇಳಿ. ಸ್ವಲ್ಪ ಗುಣ ಕಂಡ ಕೂಡಲೇ ಬಿಡಬೇಡಿ, ಮಾತ್ರೆಯಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮನೆಯವರು ನೀವಾಗಿದ್ದರೆ, ಬುದ್ಧಿ ಹೇಳುವುದನ್ನು ಬಿಟ್ಟು ಕಾಯಿಲೆಯವರ ಜೊತೆಗೆ ಎದ್ದು ನಡೆಯಿರಿ, ಅವರ ನಿಜವಾದ ಕಷ್ಟವನ್ನು ಯೋಚನೆಯ ದೋಷ ಎಂದು ತಳ್ಳಿಹಾಕಬೇಡಿ. ಬದುಕು ಬೇಡ ಎನ್ನುವ ಮಾತು ಬಾಯಿಗೆ ಬಂದರೆ ಅದನ್ನು ನುಂಗದೆ ಪಕ್ಕದಲ್ಲಿರುವವರಿಗೆ ಹೇಳಿ, ಯಾವ ಹೊತ್ತಿನಲ್ಲಾದರೂ 14416ಕ್ಕೆ ಫೋನು ಮಾಡಿ. ಒಮ್ಮೆ ಹೋಗಿ ಅರ್ಧಕ್ಕೆ ಬಿಟ್ಟವರು ನೀವಾಗಿದ್ದರೆ, ನನ್ನ ಹಾಗೆ ಮತ್ತೆ ಹೋಗಿ. ಮೊದಲ ಸಲ ಎಲ್ಲಿ ತಪ್ಪಿತು ಎಂದು ಅವರಿಗೆ ಬಿಡಿಸಿ ಹೇಳಿದರೆ, ಎರಡನೇ ಸಲದ ಚಿಕಿತ್ಸೆ ಅಲ್ಲಿಂದಲೇ ಶುರುವಾಗುತ್ತದೆ.